ಗೋಣಿಚೀಲದ ಮೇಲಿನ ಅಕ್ಕಿಕಾಳು

ಅದು ೨೦೦೪ರ ಒಂದು ಭಾನುವಾರ. ಬೆಳಿಗ್ಗೆ ಚೆನ್ನಮ್ಮ ಬಾಗಿಲಿಗೆ ಬಂದು ನಿಂತಾಗ ರಾಮಕೃಷ್ಣಪ್ಪನವರು ರಾಗಿ ಗಂಜಿ ಕುಡಿಯುತ್ತಿದ್ದರು. ದನದಾಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರಾಗಿದ್ದು ನಿವೃತ್ತರಾದವರು. ಹೊಸೂರಿನ ಹತ್ತಿರದ ಮತ್ತಿಗಿರಿಯಲ್ಲಿ ಯಾರ ಕೋಳಿ ಕಳೆದರೂ, ಯಾರ ಸೈಕಲ್ ಮಾಯವಾದರೂ ಜನ ಹುಡುಕಿಕೊಂಡು ಬರುತ್ತಿದ್ದುದು ಅವರ ಜಗುಲಿಗೇ. ಮಹಡಿಯಲ್ಲಿ ಬಾಡಿಗೆಗಿದ್ದ ಮರಿಸ್ವಾಮಿ ಎದುರಿಗೇ ಕೂತಿದ್ದ. ಚನ್ನಪಟ್ಟಣದ ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆ ಸೇರಿದ ಈ ಮಹಾನುಭಾವನಿಗೆ ರಜೆ ಅಂದರೆ ಮುದುಕರ ಬೆನ್ನು ಹಿಡಿಯುವುದೇ ಕೆಲಸ.

"ಸ್ವಾಮಿ, ನಾನು ಮಾಟ ಮಾಡಿಸ್ದೋಳಂತೆ," ಅಂದಳು ಚೆನ್ನಮ್ಮ. "ಲಕ್ಷ್ಮೀದೇವಮ್ಮೋರು ನಲ್ಲಿ ತಾವ ಎಲ್ರ ಮುಂದೆ ಅಂದ್ಬುಟ್ರು. ಆಗ್ಲೇ ಇನ್ನೆರಡು ಮನೆಯೋರು ಕೆಲ್ಸಕ್ಕೆ ಬರ್ಬೇಡ ಅಂದವ್ರೆ. ಹೆಸರು ಕೆಟ್ಮೇಲೆ ಈ ಬೀದೀಲಿ ನಂಗೆ ಅನ್ನ ಹುಟ್ತದಾ?"

ಲಕ್ಷ್ಮೀದೇವಮ್ಮನ ಮನೆಯ ನಾಯಿ ಜಿಮ್ಮಿ ಮಲಗುವ ಗೋಣಿಚೀಲದ ಮೇಲೆ ದಿನಾ ಬೆಳಿಗ್ಗೆ ಐದಾರು ಅಕ್ಕಿಕಾಳು ಬಿದ್ದಿರುತ್ತಿದ್ದವು. ನಾಯಿಯೋ ಬರಬರುತ್ತಾ ಸೊರಗುತ್ತಿತ್ತು. ಬೆಳಿಗ್ಗೆ ಮೊದಲು ಒಳಗೆ ಕಾಲಿಡುವವಳು ಕಸ ಗುಡಿಸುವ ಚೆನ್ನಮ್ಮ. ಅಷ್ಟು ಸಾಕಾಯಿತು.

"ಏಳ್ಲಾ ಮರಿಸ್ವಾಮಿ, ನಿನ್ನ ರಜಾ ಮುಗೀತು," ಅಂದರು ರಾಮಕೃಷ್ಣಪ್ಪ.

ಆ ಮನೆಯಲ್ಲಿ ಸೊಸೆ ಮಾಲಿನಿ ಗೋಣಿಚೀಲ ತೋರಿಸಿದಳು. ಅವತ್ತಿನ ಕಾಳುಗಳು ಆಗಲೇ ಇರಲಿಲ್ಲ. ಮಾಟದ ಅಕ್ಕಿಯನ್ನು ಕೈಯಲ್ಲಿ ಮುಟ್ಟಬಾರದು, ಬಗ್ಗಿ ನೋಡಲೂಬಾರದು ಎಂದು ಲಕ್ಷ್ಮೀದೇವಮ್ಮ ದಿನಾ ಮುಖ ತಿರುಗಿಸಿಕೊಂಡು ಎಲೆಯಲ್ಲಿ ಬಳಿದು, ಮೂರು ದಾರಿ ಕೂಡುವಲ್ಲಿ ಹಾಕಿ ಬರುತ್ತಿದ್ದರು.

"ಹೊಸ್ತಿಲ ಮೇಲೆ, ಅಡುಗೆಮನೇಲಿ ಎಲ್ಲಾದ್ರೂ ಬಿದ್ದಿತ್ತಾ?"

"ಇಲ್ಲ ತಾತ, ಗೋಣಿ ಮೇಲೆ ಮಾತ್ರ," ಅಂದಳು ಮಾಲಿನಿ.

"ಹೋದ ವಾರ ಚೆನ್ನಮ್ಮ ಎರಡು ದಿನ ಊರು ಬಿಟ್ಟು ಅಂಚೆಟ್ಟೀಲಿ ಇದ್ಲಲ್ಲ, ಆವಾಗ?"

"ಆವಾಗ್ಲೂ ಇತ್ತು. ಬಾಗ್ಲಿಗೆ ಒಳಗಿಂದ ಅಗುಳಿ ಹಾಕಿದ್ವಿ."

"ಮಾಟಕ್ಕೆ ಬಾಗ್ಲು ಯಾತಕ್ಕಪ್ಪ?" ಅಂದರು ಲಕ್ಷ್ಮೀದೇವಮ್ಮ.

ಮುದುಕರು ಜಿಮ್ಮಿಯನ್ನೇ ನೋಡುತ್ತಿದ್ದರು. ಅದು ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ನಾಲ್ಕು ಮಾರು ತೆವಳಿತು, ಆಮೇಲೆ ತಿರುಗಿ ಬಾಲದ ಬುಡವನ್ನು ಕಟಕಟನೆ ಕಚ್ಚಿಕೊಂಡಿತು. ರಾಮಕೃಷ್ಣಪ್ಪ ಅಲ್ಲಿನ ಕೂದಲು ಬಿಡಿಸಿ, ಕರಿ ಪುಡಿಯಂಥದ್ದೇನನ್ನೋ ಒದ್ದೆ ಬಿಳಿ ಬಟ್ಟೆಯ ಮೇಲೆ ಕೊಡವಿ ಮಡಿಸಿಟ್ಟುಕೊಂಡರು.

"ನಾಳೆ ಆರು ಗಂಟೆಗೆ ಬತ್ತೀನಿ. ಅಲ್ಲೀವರೆಗೂ ಆ ಗೋಣೀನ ಯಾರೂ ಮುಟ್ಕೂಡ್ದು."

ಸೋಮವಾರ ಬೆಳಿಗ್ಗೆ ಲಕ್ಷ್ಮೀದೇವಮ್ಮನ ಮನೆ ಜಗುಲಿಯಲ್ಲಿ ಎಲ್ಲರೂ ಸೇರಿದರು. ಚೆನ್ನಮ್ಮ ಗೇಟಿನಾಚೆಯೇ ನಿಂತಳು. ಕಾರ್ಖಾನೆಯ ಬಸ್ಸು ಹಾರನ್ ಹೊಡೆದು ಹೋದರೂ ಮರಿಸ್ವಾಮಿ ಜಾಗ ಬಿಟ್ಟು ಕದಲಲಿಲ್ಲ. ರಾಮಕೃಷ್ಣಪ್ಪ ಗೋಣಿಯ ಮೇಲಿನ ಒಂದು ಕಾಳನ್ನು ಕಡ್ಡಿಯಿಂದ ಎತ್ತಿ ಸ್ಟೀಲ್ ತಟ್ಟೆಯಲ್ಲಿಟ್ಟರು. ಪಕ್ಕದಲ್ಲಿ ಮನೆಯದೇ ಒಂದು ಅಕ್ಕಿಕಾಳು ಇಟ್ಟರು.

"ಮುಖ ತಿರುಗಿಸ್ಬೇಡಿ ತಾಯಿ. ಇವತ್ತೊಂದಿನ ಕಣ್ಣುಬಿಟ್ಟು ನೋಡಿ."

ಎರಡರಲ್ಲಿ ಒಂದು ಕಾಳು ಮೆಲ್ಲಗೆ ಉದ್ದವಾಯಿತು, ಮತ್ತೆ ಕುಗ್ಗಿತು, ತಟ್ಟೆಯ ಮೇಲೆ ಒಂದಿಷ್ಟು ಮುಂದಕ್ಕೆ ಹೋಯಿತು. ಮರಿಸ್ವಾಮಿ ತಟ್ಟೆಗೆ ಮೂಗು ತಗಲುವಷ್ಟು ಬಗ್ಗಿದ. ಕಾಲಿಲ್ಲದೆ, ತಲೆಯಿಲ್ಲದೆ ಅದು ತನ್ನ ಪಾಡಿಗೆ ನಡೆಯುತ್ತಿತ್ತು.

"ಇದು ಲಾಡಿಹುಳದ ತುಂಡು," ಅಂದರು ರಾಮಕೃಷ್ಣಪ್ಪ. "ಮೊಳದುದ್ದದ ಹುಳ ಜಿಮ್ಮಿ ಕರುಳಲ್ಲಿ ಅದೆ. ಅದರ ಬಾಲದ ತುಂಡು ಕಳಚಿ ಈಚೆ ಬತ್ತವೆ, ಒಳಗೆಲ್ಲ ಮೊಟ್ಟೆ. ಒಣಗಿದ್ರೆ ತೇಟ್ ಅಕ್ಕಿ. ಬಾಗ್ಲು ಹಾಕಿದ್ರೂ, ಚೆನ್ನಮ್ಮ ಊರಲ್ಲಿಲ್ದಿದ್ರೂ ಕಾಳು ಬಿತ್ತಲ್ಲ, ಹಾಕೋನು ಮನೆಯೊಳಗೇ ಇದ್ದ. ಗೋಣಿ ಬಿಟ್ಟು ಇನ್ನೆಲ್ಲೂ ಬೀಳ್ಲಿಲ್ಲ, ಅಂದ್ಮೇಲೆ ಗೋಣಿ ಮೇಲೆ ಮಲಗೋನೇ ಅವನು. ಹಿಂದೆ ಕಡಿತ, ಅದಕ್ಕೇ ನೆಲಕ್ಕೆ ಉಜ್ಜೋದು."

"ಹೋದ ತಿಂಗಳೇ ಹುಳದ ಮಾತ್ರೆ ಹಾಕಿಸಿದ್ವಲ್ಲ ತಾತ?" ಅಂದಳು ಮಾಲಿನಿ.

ಮುದುಕರು ಮಡಿಸಿದ ಬಟ್ಟೆ ಬಿಚ್ಚಿದರು. ಕರಿ ಪುಡಿಯ ಒಂದೊಂದು ಚುಕ್ಕಿಯ ಸುತ್ತಲೂ ಕೆಂಪು ಹರಡಿತ್ತು.

"ಇದು ಚಿಗಟದ ಹಿಕ್ಕೆ. ಕೆಂಪಗಿರೋದು ಚಿಗಟ ಕುಡಿದ ಜಿಮ್ಮಿ ರಕ್ತ. ಹುಳದ ಮೊಟ್ಟೇನ ಚಿಗಟದ ಮರಿ ತಿಂತದೆ. ಅದು ದೊಡ್ಡದಾಗಿ ನಾಯೀನ ಕಚ್ತದೆ, ನಾಯಿ ಆ ಚಿಗಟಾನ ಕಚ್ಚಿ ನುಂಗ್ತದೆ. ಹೊಟ್ಟೇಲಿ ತಿರ್ಗಾ ಹುಳ. ಮಾತ್ರೆ ಹುಳ ಕೊಲ್ತು, ಗೋಣೀಲಿ ಚಿಗಟ ಉಳೀತು. ಗೋಣಿ ಸುಡಿ, ಚಿಗಟಕ್ಕೂ ಹುಳಕ್ಕೂ ಒಟ್ಟಿಗೆ ಡಾಕ್ಟ್ರತ್ರ ಔಷಧಿ ಮಾಡ್ಸಿ."

ಸಾಸಿವೆಯಷ್ಟಿಲ್ಲದ ಚಿಗಟ, ಅದರ ಹೊಟ್ಟೆಯೊಳಗೆ ಮೊಳದುದ್ದ ಬೆಳೆಯಬಲ್ಲ ಇನ್ನೊಂದು ಜೀವ. ಕಾರ್ಖಾನೆಯಲ್ಲಿ ಎಂತೆಂಥ ಯಂತ್ರ ನೋಡಿದ್ದ ಮರಿಸ್ವಾಮಿಗೂ ಇಂಥ ಏರ್ಪಾಡು ಕಂಡಿರಲಿಲ್ಲ. ಲಕ್ಷ್ಮೀದೇವಮ್ಮನೂ ತಟ್ಟೆಯಿಂದ ಕಣ್ಣು ಕೀಳಲಿಲ್ಲ.

"ಎಂಥಾ ಸೃಷ್ಟಿಯಪ್ಪ ಇದು," ಅಂದರು ಕೊನೆಗೆ. ಆಮೇಲೆ ಗೇಟಿನ ಕಡೆ ನೋಡಿ, "ಒಳಗೆ ಬಾರಮ್ಮ ಚೆನ್ನಮ್ಮ," ಅಂದರು.

ಚೆನ್ನಮ್ಮ ಅಲ್ಲಾಡಲಿಲ್ಲ. "ಬತ್ತೀನಮ್ಮ. ಆದ್ರೆ ನೀವು ಆ ಮಾತಂದಿದ್ದು ಒಳಗಲ್ಲ, ನಲ್ಲಿ ತಾವ."

ಲಕ್ಷ್ಮೀದೇವಮ್ಮ ಎದ್ದು ಒಳಗಿನಿಂದ ಖಾಲಿ ಕೊಡ ತಂದು, ಸೊಂಟಕ್ಕಿಟ್ಟುಕೊಂಡು ಬೀದಿಗಿಳಿದರು. ನಲ್ಲಿಯಲ್ಲಿ ನೀರು ಬರುವ ಹೊತ್ತು. ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು.

"ಎಲ್ರೂ ಕೇಳಿಸ್ಕಳಿ," ಅಂದರು ಲಕ್ಷ್ಮೀದೇವಮ್ಮ. "ಚೆನ್ನಮ್ಮಂದು ಏನೂ ತಪ್ಪಿಲ್ಲ. ಅವಳ ಮೇಲೆ ಸುಳ್ಳು ಹೊರಿಸ್ದೋಳು ನಾನು."

ಸಾಲು ತಾನಾಗಿಯೇ ಸರಿದು ದಾರಿ ಬಿಟ್ಟಿತು. ಕೊಡ ತುಂಬಿದ ಮೇಲೆ ಹಿಂದೆಯೇ ಬಂದಿದ್ದ ಚೆನ್ನಮ್ಮ ಮುಂದೆ ಬಂದು, ಲಕ್ಷ್ಮೀದೇವಮ್ಮ ಬಗ್ಗುವ ಮೊದಲೇ ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು.

"ನಡೀರಮ್ಮ," ಅಂದಳು, "ಆ ಗೋಣಿ ಸುಡ್ಬೇಕು."