ಬೈಂದೂರಿನಿಂದ ಬಂದ ರಕ್ತ

"ಆ ಸಿರಿಂಜ್ ಕೆಳಗಿಡಿ."

ಬ್ರಹ್ಮಾವರದಿಂದ ಬಂದಿದ್ದ ಸಂಶೋಧಕಿ ಜಲಜಳ ಕೈ ಅಲ್ಲೇ ನಿಂತಿತು.

2008ರ ಜೂನ್ ತಿಂಗಳು. ಬೈಂದೂರಿನ ಪುಟ್ಟ ಆಸ್ಪತ್ರೆಯ ಲ್ಯಾಬ್ ಬಾಗಿಲಲ್ಲಿ ಟೆಕ್ನಿಷಿಯನ್ ಸುಧೀರ್ ನಿಂತಿದ್ದ. ಬೆಂಚಿನ ಮೇಲೆ ಮಲೇರಿಯಾದಿಂದ ನಡುಗುತ್ತಿದ್ದ ಮೀನುಗಾರ ಮುತ್ತ.

"ರಕ್ತ ಎಂತಕ್ಕೆ ಅಂದೇಳಿ ಅವ್ರಿಗ್ ಹೇಳಿದ್ರ್ಯಾ ಮೇಡಂ?"

ಎಷ್ಟು ಸೊಕ್ಕು ಇವನಿಗೆ... ಅಂದುಕೊಂಡರೂ ಜಲಜ ಮುತ್ತನ ಪಕ್ಕ ಕುಳಿತಳು.

"ಮುತ್ತಣ್ಣ, ನಾ ಮರವಂತೆಯವ್ಳ್. ಈ ಜ್ವರದ ರೋಗಾಣು ನಿಮ್ಮ ನೆತ್ತ್ರಲ್ಲಿಪ್ಪ ಸಕ್ರಿ ತಿಂದೇ ಬದ್ಕುದ್. ಅದನ್ನ ಅರಗ್ಸುಕೆ ಅದ್ರ ಮೈಯಲ್ಲೊಂದ್ ಕಿಣ್ವ ಇತ್ತ್. ಅದನ್ನ್ ತಡೆದ್ರೆ ರೋಗಾಣು ಸಾಯತ್ತ್, ನಿಮ್ಗೆಂತ ಆತಿಲ್ಲೆ. ಅಂಥ ಮದ್ದ್ ಹುಡುಕ್ತಾ ಇದ್ದೆ."

"ನಮ್ಮೂರ್ ಹೆಣ್ಣಾ? ತಕೋ ಮಗಾ," ಮುತ್ತ ತೋಳು ಚಾಚಿದ.

ಸುಧೀರ್ ತಾನೇ ಮುತ್ತನ ತೋಳಿಗೆ ಪಟ್ಟಿ ಬಿಗಿದ.

ಅಣ್ಣ ಬಚ್ಚ ಬೋಟಿನಲ್ಲೇ ಮಲೇರಿಯಾಕ್ಕೆ ಬಲಿಯಾದ ವರ್ಷ ಜಲಜ ಈ ದಾರಿ ಹಿಡಿದಿದ್ದಳು. ಬ್ರಹ್ಮಾವರದ ಲ್ಯಾಬಿನಲ್ಲಿ, ರೋಗಾಣುವಿನಿಂದ ಬೇರ್ಪಡಿಸಿದ ಕಿಣ್ವವನ್ನು ಅವಳ ಮದ್ದು ತಡೆದಿತ್ತು. ಜೀವಂತ ರೋಗಾಣುವಿನಲ್ಲೂ ತಡೆದೀತೇ? ಅದಕ್ಕೇ ಈ ರಕ್ತ.

ವಾರವಾರವೂ ಬೈಂದೂರಿನಿಂದ ಸ್ಯಾಂಪಲ್ ಬರತೊಡಗಿತು. ಸಂಜೆ ಸುಧೀರನ ಫೋನ್. "ತಲುಪಿತಾ ಮೇಡಂ?" ಎಂಬಲ್ಲಿಂದ ಶುರುವಾದ ಮಾತು ಗಂಟೆಗಟ್ಟಲೆ ಸಾಗುತ್ತಿತ್ತು. ಅವನ ದನಿಗಾಗಿ ಕಾಯುತ್ತಿದ್ದೇನೆ ಎಂದು ಅವಳಿಗೇ ಗೊತ್ತಾಯಿತು...

ಆಮೇಲೆ ಸತತ ಮೂರು ವಾರ, ಮದ್ದು ಹಾಕದ ರಕ್ತದಲ್ಲೂ ರೋಗಾಣು ಸತ್ತುಹೋಯಿತು.

"ಹಳೇ ರಕ್ತ ಕಳ್ಸಿ ನನ್ನ ಕೆಲಸ ಹಾಳ್ ಮಾಡ್ಬೇಡಿ," ಫೋನಿನಲ್ಲಿ ಸಿಡಿದಳು.

ಸುಧೀರ್ ಫೋನಿಡುವ ಮುನ್ನ ಅಂದ, "ಆಯ್ತ್ ಮೇಡಂ."

ಮರುವಾರ ಸ್ಯಾಂಪಲ್ಲೂ ಇಲ್ಲ, ಫೋನೂ ಇಲ್ಲ.

ಮರವಂತೆಯ ಬಸ್ ಸ್ಟ್ಯಾಂಡಿನಲ್ಲಿ ಮುತ್ತ ಸಿಕ್ಕಿದ. ಮತ್ತೆ ಜ್ವರ ಬಂದು ಆ ಮೂರು ವಾರದಲ್ಲೊಮ್ಮೆ ಅವನೂ ರಕ್ತ ಕೊಟ್ಟಿದ್ದ.

"ರಕ್ತ ಕೊಡುಕ್ ಮುಂಚೆ ಬೋಟಲ್ಲೇ ಎರಡ್ ಮಲೇರಿಯಾ ಮಾತ್ರೆ ನುಂಗಿದ್ದೆ ಮಗಾ. ಎಲ್ರೂ ಹಂಗೇ ಮಾಡುದ್. ಬೈತ್ರ್ ಅಂದೇಳಿ ಆಸ್ಪತ್ರೆಯಲ್ ಹೇಳ್ಲಿಲ್ಲೆ. ಸುಧೀರ ಪಾಪ, ಐಸ್ ಡಬ್ಬಿ ಮಡಿಲಲ್ಲಿಟ್ಕಂಡ್ ತಾನೇ ಬಸ್ಸಲ್ ನಿನ್ ಲ್ಯಾಬಿಗ್ ತಂದ್ ಕೊಡುದ್."

ಜಲಜಳಿಗೆ ಈಗ ಅರ್ಥವಾಯಿತು. ಮಾತ್ರೆಯೇ ರೋಗಾಣುವನ್ನು ಮೊದಲೇ ಕೊಂದಿತ್ತು. ಬಾಗಿಲತನಕ ಬಂದು, ಮುಖ ತೋರಿಸದೆ ಹಿಂದಿರುಗುತ್ತಿದ್ದವನಿಗೆ ತಾನು ಬೈದಿದ್ದಳು...

ಮರುದಿನ ಬೆಳಿಗ್ಗೆಯೇ ಬೈಂದೂರಿಗೆ ಹೋದಳು.

"ತಪ್ಪು ನಂದ್. ಎಂತ ಆಯ್ತ್ ಅಂದೇಳಿ ಕೇಣದೆ ಬೈದೆ."

ಸುಧೀರ್ ಡಬ್ಬಿ ತೆರೆದ. ಒಳಗೆ ಎರಡು ಟ್ಯೂಬ್.

"ನಂಗೂ ಡೌಟ್ ಬಂದ್, ಬಂದವ್ರ್ನೆಲ್ಲ ಕೂತ್ಕಂಡ್ ಮಾತ್ರೆ ನುಂಗಿದ್ರ್ಯಾ ಅಂದೇಳಿ ಕೇಂಡೆ. ಮಾತ್ರೆ ನುಂಗದವ್ರ್ ಇವತ್ತೇ ಸಿಕ್ಕಿದ್. ನೆತ್ತ್ರ ತೆಗ್ದ ಕೂಡ್ಲೆ ಚಿಕಿತ್ಸೆ ಕೊಡ್ಸಿದೆ."

"ಬೇಜಾರಾಯ್ಲಿಲ್ಯಾ?"

"ಆಯ್ತ್. ಆದ್ರೆ ನಿಮ್ಮ ಕೆಲ್ಸ ನಿಲ್ಲೂಕಾಗ."

ಇಬ್ಬರೂ ಒಟ್ಟಿಗೆ ಬ್ರಹ್ಮಾವರಕ್ಕೆ ಬಂದರು. ಮೂರನೇ ದಿನ ಸ್ಲೈಡ್ ನೋಡಿದಾಗ, ಮದ್ದು ಹಾಕದ ರಕ್ತದಲ್ಲಿ ರೋಗಾಣು ಬೆಳೆದಿತ್ತು, ಹಾಕಿದ್ದರಲ್ಲಿ ಸತ್ತಿತ್ತು. ಮಾತ್ರೆಯಾಗಿ ರೋಗಿಯ ಕೈಸೇರಲು ಇನ್ನೂ ಎಷ್ಟೋ ವರ್ಷ ಬೇಕು. ಆದರೆ ಹಿಡಿದ ದಾರಿ ಸರಿಯಿತ್ತು.

ಜಲಜ ಸುಧೀರನತ್ತ ತಿರುಗಿದಳು.

"ನಾಳೆ ಮರವಂತೆಗ್ ಬನ್ನಿ. ಅಪ್ಪಯ್ಯನ ಹತ್ರ ಮಾತಾಡ್ಕ್."

"ಎಂತ ಮಾತಾಡುದ್?"

"ನಾ ನಿಮ್ಮನ್ನೇ ಮದ್ವಿ ಆಪುದ್ ಅಂದೇಳಿ. ನಾನೇ ಹೇಳ್ತೆ, ನೀವ್ ಪಕ್ಕದಲ್ಲಿದ್ರೆ ಸಾಕ್."

"ನನ್ನ ಒಪ್ಗೆ ಕೇಂಬುದಿಲ್ಯಾ?"

"ಈಗ ಕೇಣ್ತಾ ಇದ್ದೆ."

ಅವನು ಅವಳ ಕೈ ಹಿಡಿದುಕೊಂಡ.

"ಮೊದ್ಲ ಬಸ್ಸಿಗೇ ಬತ್ತೆ, ಜಲಜಾ."