ಬಾಲ ಉಳಿಸಿಕೊಂಡ ಮೀನು

ಶಾಲೆಯ ಕಪಾಟಿನಲ್ಲಿ ಕ್ಯಾಸೆಟ್ ಡಬ್ಬಿ ಇದ್ದ ಜಾಗದಲ್ಲೇ ಇತ್ತು. ಒಳಗಿನ ಕ್ಯಾಸೆಟ್ ಹಾಕಿದರೆ ಬರೀ ಗುಂಯ್ ಎನ್ನುವ ಸದ್ದು. ತೀರಿಕೊಂಡ ಜೆರಾಲ್ಡಿನ್ ಅಜ್ಜಿ ಮೀನುಗಳ ಹೆಸರು ಹೇಳಿಕೊಟ್ಟಿದ್ದ ಅಸಲಿ ಕ್ಯಾಸೆಟ್ ಮಾಯ. ಅದೊಂದು ಹೋದರೆ ನಮ್ಮ ಮೆನೊಮಿನಿ ಬುಡಕಟ್ಟಿನ ಮಕ್ಕಳಿಗೆ ಅಜ್ಜಿಯ ದನಿಯೇ ಇಲ್ಲ. ಹದಿನೆಂಟು ವರ್ಷದ ಪೊಲೀಸ್ ಕೆಲಸದಲ್ಲಿ ನನಗೆ ಇಷ್ಟು ಚಡಪಡಿಕೆ ಆಗಿರಲಿಲ್ಲ.

"ಆ ಪ್ರೊಫೆಸರ್ ಟೋಬಿನ್‌ದೇ ಕೆಲಸ," ಎಂದ ಭಾಷಾ ಶಾಲೆಯ ಮೇಷ್ಟ್ರು ಮೈರನ್. "ಲೇಬಲ್ ನೋಡು ಮಾರಾಯ. ಬದಲಿ ಇಟ್ಟು, ಮೇಲೆ ನಮ್ಮ ಮಾತಲ್ಲಿ ಮೀನು ಅಂತ ಬರ್ದಿದಾನೆ. ಅದೂ ತಪ್ಪು."

ದಪ್ಪಕ್ಷರದಲ್ಲಿ 'ನಮೇಸ' ಎಂದಿತ್ತು. ನಾವು ಅನ್ನುವುದು 'ನಮೇ-ಸ್'. ನಡುವೆ, ಗೆರೆ ಎಳೆದ ಕಡೆ, ಗಂಟಲು ಚಕ್ಕನೆ ಹಿಡಿದು ಬಿಡುತ್ತದೆ, ಕೊನೆಯಲ್ಲಿ ಸ್ವರವಿಲ್ಲ.

"ಕೊನೇಲಿ ಸ್ವರ ಎಳೆಯೋದು ಅವನು ಕಟ್ಟೋ ಹಳೇ ಪದ ತಾನೆ?" ಎಂದ ಮೈರನ್. " ಸಂಜೆ ಸಭೇಲಿ ಅವನನ್ನ ಊರಿಂದ ಓಡಿಸ್ತೀನಿ."

*

ಸುದ್ದಿ ಕಿವಿಗೆ ಬಿದ್ದು ಟೋಬಿನ್ ಆಗಲೇ ಗಂಟುಮೂಟೆ ಕಟ್ಟುತ್ತಿದ್ದ. ಸುತ್ತಲಿನ ಬುಡಕಟ್ಟುಗಳು ಮೀನಿಗೆ ಏನನ್ನುತ್ತವೆ ಎಂದು ಹೋಲಿಸಿ, ಎಲ್ಲಕ್ಕೂ ಮೂಲವಾದ ಪದವನ್ನು ಕಟ್ಟುವುದು ಅವನ ಕಸುಬು.

"ನಿಮ್ಮ ಹಳೇ ಪದ ಬರ್ಕೊಡಿ," ಎಂದೆ.

ಮುಂದೊಂದು ನಕ್ಷತ್ರ ಹಾಕಿ 'ನಮೇ-ಸ' ಎಂದು ಬರೆದ. "ನಕ್ಷತ್ರ ಇದ್ರೆ ಯಾರ ಬಾಯಲ್ಲೂ ಕೇಳಿದ್ದಲ್ಲ, ಊಹಿಸಿದ್ದು ಅಂತ."

"ಇದ್ರಲ್ಲಿ ಗಂಟಲ ಹಿಡಿತವೂ ಇದೆಯಲ್ಲ?"

"ಇರ್ಲೇಬೇಕು. ನೀವು ಹಿಡಿತ ಉಳಿಸ್ಕೊಂಡ್ರಿ, ಕೊನೇ ಸ್ವರದ ಬಾಲ ಬಿಟ್ರಿ. ಮೆಸ್ಕ್ವಾಕಿ ಬುಡಕಟ್ಟಿನ ಜನ ಬಾಲ ಉಳಿಸ್ಕೊಂಡ್ರು, ಹಿಡಿತ ಬಿಟ್ರು. ಎರಡನ್ನೂ ಸೇರಿಸಿದ್ರೆ ಮೂಲ."

ಲೇಬಲ್ಲಿನ ಪದಕ್ಕೆ ಬಾಲವಿತ್ತು, ಹಿಡಿತವಿರಲಿಲ್ಲ. ನಮ್ಮೂರಲ್ಲಿ ಮೆಸ್ಕ್ವಾಕಿ ಹೆಣ್ಣುಮಗಳು ಒಬ್ಬಳೇ. ಜೆರಾಲ್ಡಿನ್ ಅಜ್ಜಿಯ ಸೊಸೆ ಆರ್ಲೀನ್. ಶಾಲೆಯ ಬೀಗದ ಕೈ ಅವಳ ಹತ್ತಿರವೇ ಇರುತ್ತದೆ.

*

ಆರ್ಲೀನ್ ಕಾಡಕ್ಕಿ ಬೇಯಿಸುತ್ತಿದ್ದಳು.

"ಟೋಬಿನ್ ಬರೆದಿದ್ರೆ ಹಿಡಿತ ಬಿಡ್ತಿರ್ಲಿಲ್ಲ," ಎಂದೆ. "ನಮ್ಮೋರು ಬರೆದಿದ್ರೆ ಬಾಲ ಹಾಕ್ತಿರ್ಲಿಲ್ಲ. ಗಡಿಬಿಡೀಲಿ ಕೈಗೆ ಬಂದಿದ್ದು ತವರಿನ ಮಾತು. ಅಲ್ವೇನಮ್ಮ?"

ಅವಳು ಸೌಟು ಕೆಳಗಿಟ್ಟಳು.

"ಆ ಕ್ಯಾಸೆಟ್ಟಲ್ಲಿ ಅತ್ತೆ ನಾನು ಮೀನು ಅನ್ನೋ ರೀತಿಗೆ ನಗ್ತಾರೆ, ಅಣ್ಣ. ಶಾಲೇಲಿ ಮೈರನ್ ಆ ನಗು ಕೇಳ್ಸಿ ನಿಲ್ಲಿಸ್ತಾನೆ. ಮಕ್ಕಳು ದಿನಾ ನನ್ನ ಅಣಕಿಸ್ತಾರೆ. ಅತ್ತೆ ಸತ್ತ ಮೇಲೂ ನಾನು ನಗಿಸ್ಕೋಬೇಕಾ?"

"ಮುಂದೆ ಏನಿದೆ, ಕೇಳಿದೀಯಾ?"

"ರೆಕಾರ್ಡ್ ಮಾಡ್ದ ದಿನ ನಗು ಕೇಳಿ ಎದ್ದು ಹೋದೋಳು. ಇವತ್ತಿಗೂ ಕೇಳಿಲ್ಲ."

ಹಿಟ್ಟಿನ ಡಬ್ಬಿಯಿಂದ ಕ್ಯಾಸೆಟ್ ತೆಗೆದುಕೊಟ್ಟಳು. ನಾನು ಹಾಕಿದೆ. ಅಜ್ಜಿಯ ನಗು. ಧಡ್ ಎಂದು ಬಾಗಿಲು ಬಡಿದ ಸದ್ದು. ನಾನು ನಿಲ್ಲಿಸಲಿಲ್ಲ.

"ಹೋಗ್ಬಿಟ್ಲಾ?" ಎಂದಿತು ಅಜ್ಜಿಯ ದನಿ. "ಎಷ್ಟು ಚೆಂದ ಹೇಳ್ತಾಳೆ, ಬಾಯಿ ತುಂಬ. ನಮ್ಮದು ಅರ್ಧಕ್ಕೇ ನಿಂತ್ಹೋಗತ್ತೆ. ಮೈರನ್, ಆ ಮೆಷಿನ್ ಬಿಟ್ಟು ಅವಳನ್ನ ಕರಿಯೋ. ಇನ್ನೊಂದ್ಸಲ ಹೇಳಿಸ್ಬೇಕು."

ಅಲ್ಲಿಗೆ ಟಕ್ ಎಂದು ನಿಂತಿತು.

"ಯಾರೂ ಕರೀಲಿಲ್ಲ, ಅಣ್ಣ," ಎಂದಳು ಆರ್ಲೀನ್. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಸಂಜೆ ಸಭೆಯಲ್ಲಿ ಆರ್ಲೀನ್ ಎದ್ದು ನಿಂತು, ಕದ್ದವಳು ತಾನೇ ಎಂದು ಒಪ್ಪಿಕೊಂಡಳು. ಟೋಬಿನ್ ಉಳಿದ. ಆಮೇಲೆ ನಾನು ಕ್ಯಾಸೆಟ್ಟನ್ನು ಎಲ್ಲರ ಮುಂದೆ ಕೊನೆಯವರೆಗೂ ಹಾಕಿದೆ. ಮೈರನ್ ತಲೆ ಎತ್ತಲಿಲ್ಲ.