ಗುಳ್ಳೆಯಿಲ್ಲದ ಸೀಸೆ

"ನರ್ಮದಕ್ಕಾ, ಎರಡು ದಿನ ಆತು. ಆಳ ಕಡಲಲ್ಲೆಲ್ಲ ಹುಡುಕಿದ್ರು. ನಮ್ಮನೆಯವ್ರು ಎಲ್ಲಿ?"

ಹೊನ್ನಿ ಹೊನ್ನಾವರದ ಕಡಲ ನೀರು ಪರೀಕ್ಷಿಸುವ ಪ್ರಯೋಗಾಲಯದ ಹೊಸ್ತಿಲಲ್ಲೇ ಕುಸಿದಳು. ಅಲ್ಲಿ ಸೀಸೆಗಳನ್ನು ಜೋಪಾನ ಮಾಡುವ ಮಾಲತಿ ನೀರು ತರಲು ಹೋದವಳು ಗಾಬರಿಯಲ್ಲಿ ಖಾಲಿ ಲೋಟ ಹಿಡಿದೇ ಮರಳಿದಳು. ನರ್ಮದಾ ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ. ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ಮಾಲತಿ ಅವರ ಹಳೆಯ ಶಿಷ್ಯೆ; ಅವಳೇ ಅವರನ್ನು ಇಲ್ಲಿಗೆ ಕರೆಸಿದ್ದಳು.

ಪರೀಕ್ಷೆಗೆ ಕಡಲ ನೀರು ತರುವ ಗುತ್ತಿಗೆ ಹಿಡಿದ ಸುಹಾಸನ ಹೇಳಿಕೆ ಇಷ್ಟೇ: ಬುಧವಾರ ಬೆಳಿಗ್ಗೆ ಹೊನ್ನಿಯ ಗಂಡ ಮೋಹನನ ದೋಣಿಯಲ್ಲಿ ಆಳ ಕಡಲಿಗೆ ಹೋಗಿ, ತಳದ ತಣ್ಣನೆಯ ನೀರು ತುಂಬಿಕೊಂಡೆವು, ಮರಳುವಾಗ ಅಲೆಯೊಂದು ಮೋಹನನನ್ನು ಎಳೆದೊಯ್ದಿತು.

ನರ್ಮದಾ ಕಪಾಟಿನ ಮುಂದೆ ನಿಂತರು. ಬಾಯಿತನಕ ತುಂಬಿದ ಸೀಸೆಗಳು. ಹಳೆಯ ಒಂದೊಂದರಲ್ಲೂ ಮುಚ್ಚಳದಡಿ ಗುಳ್ಳೆಯಿತ್ತು. ಬುಧವಾರದ್ದರಲ್ಲಿ ಇರಲಿಲ್ಲ.

ಮಾಲತಿಯ ಮುಖ ಕೆಂಪಾಯಿತು. "ಹಳೆಯವಕ್ಕೆ ಮುಚ್ಚಳ ಹಾಕಿದ್ದು ನಾನು, ಬುಧವಾರದ್ದಕ್ಕೆ ಸುಹಾಸ ಸರ್. ಗಾಳಿ ಸೇರಿದೆ, ಮುಚ್ಚಳ ಬಿಗಿಯೂಕೂ ಬರೂದಿಲ್ಲ ನಿಂಗೆ ಅಂತ ಅವರು ವರ್ಷವಿಡೀ ಬೈದಿದ್ದಾರೆ."

ನರ್ಮದಾ ಉಪ್ಪು ಅಳೆಯುವ ಗಾಜಿನ ಕೊಳವೆಯನ್ನು ಬುಧವಾರದ ನೀರಿಗೆ ಬಿಟ್ಟರು. ಹಳೆಯ ನೀರಿನಲ್ಲಿ ಮುಳುಗಿದ್ದಕ್ಕಿಂತ ಆಳಕ್ಕೆ ಅದು ಮುಳುಗಿತು.

ಸಂಜೆ ಸುಹಾಸನೂ ಸೇರಿ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಎಸ್‌ಐ ವಿನಾಯಕ ಬಾಗಿಲಿಗೆ ಅಡ್ಡವಾಗಿ ನಿಂತ.

"ತಂಪು ನೀರು ಅನಿಲವನ್ನ ಹಿಡಿದಿಟ್ಟುಕೊಳ್ತದೆ, ಬೆಚ್ಚಗಾದ್ರೆ ಬಿಟ್ಟುಕೊಡ್ತದೆ," ಎಂದರು ನರ್ಮದಾ. "ಕಡಲು ಬಿಸಿಯಾದಷ್ಟೂ ಗಾಳಿಗೆ ಎಷ್ಟು ಅನಿಲ ಬಿಡ್ತದೆ ಅಂತ ನೋಡೂಕೇ ಈ ಸೀಸೆಗಳು. ತಳದ ನೀರು ಈ ಸೆಖೆಯ ಕೋಣೇಲಿ ಇದ್ರೆ ಗುಳ್ಳೆ ಏಳಲೇಬೇಕು. ಮಾಲತಿ, ನಿನ್ನ ಕೈಯಲ್ಲಿ ಯಾವತ್ತೂ ತಪ್ಪಿರ್ಲಿಲ್ಲ."

ಮಾಲತಿ ಹಳೆಯ ಸೀಸೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಬುಧವಾರದ ನೀರು ತುಂಬುವಾಗಲೇ ಬೆಚ್ಚಗಿತ್ತು. ಉಪ್ಪೂ ಕಡಿಮೆ, ಅದಕ್ಕೇ ಕೊಳವೆ ಅಷ್ಟು ಆಳಕ್ಕೆ ಮುಳುಗಿದ್ದು. ಅದು ಶರಾವತಿ ಕಡಲು ಸೇರುವಲ್ಲಿನ ನೀರು. ನೀವು ಆಳಕ್ಕೆ ಹೋಗ್ಲೇ ಇಲ್ಲ ಸುಹಾಸ. ಹಂಗಾದ್ರೆ ಮೋಹನ ಬಿದ್ದದ್ದೆಲ್ಲಿ?"

"ಹೊಳೆ ನಡುಗಡ್ಡೆ, ಮಾವಿನಕುರ್ವೆ ಹತ್ರ..." ಸುಹಾಸನ ದನಿ ಒಡೆಯಿತು. "ಡೀಸೆಲ್ ಉಳಿಸೂಕೆ ಅಲ್ಲೇ ನೀರು ತುಂಬ್ದೆ. ಅದನ್ನ ಎಲ್ಲರಿಗೂ ಹೇಳ್ತೆ ಅಂದ. ದೂಡ್ದೆ. ಅವನ ಕಾಲು ಕೆಸರಲ್ಲಿ ಸಿಕ್ಕಿತು, ನೀರು ಏರ್ತಾ ಇತ್ತು. ಕೂಗ್ತಿದ್ದ. ನಾನು ದೋಣಿ ತಿರುಗಿಸ್ದೆ."

ವಿನಾಯಕ ಫೋನಿನಲ್ಲಿ ಹುಡುಕಾಟದ ದೋಣಿಗಳನ್ನು ಅತ್ತ ತಿರುಗಿಸತೊಡಗಿದ. ಹೊನ್ನಿ ಮೆಲ್ಲಗೆ ಎದ್ದು ಸುಹಾಸನೆದುರು ನಿಂತಳು. ಅಳಲಿಲ್ಲ.

"ಅವ್ರು ಯಾರನ್ನ ಕೂಗಿದ್ರು?"

ಸುಹಾಸ ಗೋಡೆಯತ್ತ ತಿರುಗಿದ.

"ನನ್ನನ್ನೇ."